ಮಂಜುಗಡ್ಡೆಯ ಕಣದಲ್ಲಿ ಭಾರತದ ಸ್ತ್ರೀಯರು

2025ನೆಯ ಇಸವಿಯ ಜೂನ್ ತಿಂಗಳ ಮೊದಲನೆಯ ವಾರವು ಕನ್ನಡನಾಡಿನ ಪತ್ರಿಕೆಗಳಿಗೆ ಸ್ಥಳವೇ ಸಾಲದೆ ಹೋದ ವಾರ. ಮೇ 31ರಂದು ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿಯ ಲಿಂಕ್ ಕಾಲುವೆ ಬೇಡವೆಂದು ರೈತರು ಗುಂಪುಗೂಡಿದರು. ಅದೇ ಕಾಲುವೆ ಬೇಕೇ ಬೇಕೆಂದು ಕುಣಿಗಲಿನ ಕಡೆಯವರು ಹಟ ಹಿಡಿದಿದ್ದರು. ಜೂನ್ 3ರ ರಾತ್ರಿ ಬೆಂಗಳೂರಿನ ಹೆಸರನ್ನು ಹೊತ್ತ ಕ್ರಿಕೆಟ್ ತಂಡವು ಅಹಮದಾಬಾದಿನಲ್ಲಿ ತನ್ನ ಮೊದಲನೆಯ ಕಪ್ಪನ್ನು ಗೆದ್ದಿತು. ಮಾರನೆಯ ದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಆ ಶೋಕವೂ ಅದರ ಹಿಂದೆಯೇ ಬಂದ ಕೋಪವೂ ಆ ವಾರವನ್ನೆಲ್ಲ ತುಂಬಿಕೊಂಡವು, ತುಂಬಿಕೊಳ್ಳಬೇಕಾದುದೂ ನ್ಯಾಯವೇ.

ಸರಿಯಾಗಿ ಅದೇ ದಿನಗಳಲ್ಲಿ, ಅಂದರೆ ಮೇ 31ರಿಂದ ಜೂನ್ 6ರವರೆಗೆ, ಅರಬ್ ಸಂಯುಕ್ತ ಸಂಸ್ಥಾನದ ಅಲ್ ಐನ್ ಎಂಬ ಮರುಭೂಮಿಯ ಪಟ್ಟಣದಲ್ಲಿ ಏಷ್ಯಾಖಂಡದ ಸ್ತ್ರೀಯರ ಮಂಜುಗಡ್ಡೆಯ ಹಾಕಿ ಪಂದ್ಯಾವಳಿಯು ನಡೆಯಿತು. ಅದರಲ್ಲಿ ನಮ್ಮ ದೇಶದ ತಂಡವು ಮೂರನೆಯ ಸ್ಥಾನವನ್ನು ಪಡೆದು ಕಂಚಿನ ಪದಕವನ್ನು ತಂದಿತು. ಈ ಆಟದ ಏಷ್ಯಾ ಪಂದ್ಯಾವಳಿಗಳಲ್ಲಿ ಭಾರತದ ಸ್ತ್ರೀಯರಿಗೆ ದೊರೆತ ಮೊಟ್ಟಮೊದಲನೆಯ ಪದಕವಿದು. ಕನ್ನಡದ ಬಹುಪಾಲು ವಾಚಕರ ಕಣ್ಣಿಗೆ ಈ ಸುದ್ದಿ ಬಿದ್ದೇ ಇಲ್ಲವೆಂದರೆ ಅದು ಅವರ ತಪ್ಪಲ್ಲ. ಆದರೆ ಗದ್ದಲವಡಗಿದ ಮೇಲಾದರೂ ಅದನ್ನು ಎತ್ತಿಕೊಂಡು ವಿಚಾರಿಸದೆ ಬಿಡುವುದು ಸರಿಯಲ್ಲವೆಂದು ನಮಗೆ ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಈ ವಿಷಯವನ್ನು ಕುರಿತು ನಾವು ಮಾತನಾಡಿದಾಗ ಕೊತ್ತಗೆರೆಯ ಕಡೆಯ ಮಿತ್ರರೊಬ್ಬರು ನಕ್ಕು ಕೇಳಿದ ಪ್ರಶ್ನೆಯಿದು: “ಸ್ವಾಮಿ, ನಮ್ಮ ಹೋಬಳಿಯಲ್ಲಿ ಮಂಜುಗಡ್ಡೆಯೆಂಬುದು ಕಾಣುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ, ಮರದ ಹೊಟ್ಟಿನೊಳಗೆ. ಕೆರೆಯಲ್ಲಿ ನೀರು ನಿಂತರೆ ಸಾಕೆಂದು ದೇವರಿಗೆ ಹರಕೆ ಹೊರುವವರು ನಾವು. ಅದು ಹೆಪ್ಪುಗಟ್ಟುವ ಮಾತು ನಮಗೇತಕ್ಕೆ?” ಪ್ರಶ್ನೆಯು ಹಾಸ್ಯದ್ದಾದರೂ ಅದರೊಳಗೆ ತಿರುಳಿದೆ. ಬಿಸಿಲ ನಾಡಿಗೆ ಮಂಜಿನ ಆಟವೇಕೆ ಎಂಬ ಈ ಆಕ್ಷೇಪಣೆಯನ್ನು ವಿದ್ಯಾವಂತರೂ ಅಧಿಕಾರಸ್ಥರೂ ಗಂಭೀರವಾಗಿಯೇ ಹೇಳುವುದನ್ನು ನಾವು ಕೇಳಿದ್ದೇವೆ. ಆದಕಾರಣ ಅದಕ್ಕೆ ಉತ್ತರವನ್ನು ಹೇಳಬೇಕಾಗಿದೆ.

ಮೊದಲು ಆಟವೆಂತಹುದೆಂಬುದನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1875ರಲ್ಲಿ ಮೊದಲಬಾರಿಗೆ ಸೂರಿನಡಿಯ ಕಣದಲ್ಲಿ ಕ್ರಮಬದ್ಧವಾಗಿ ಆಡಲ್ಪಟ್ಟ ಈ ಆಟಕ್ಕೆ 1908ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿತು. ಕಣವು ಸುಮಾರು 60 ಮೀಟರು ಉದ್ದ, 30 ಮೀಟರಿನೊಳಗಿನ ಅಗಲ. ಒಂದೊಂದು ಪಕ್ಷಕ್ಕೆ ಗೋಲುಕಾಯುವವರೂ ಸೇರಿ 6 ಮಂದಿ. ಚೆಂಡಿಲ್ಲ; ಅದರ ಬದಲಿಗೆ 3 ಅಂಗುಲ ಅಡ್ಡಗಲದ, 1 ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. 20 ನಿಮಿಷಗಳ ಮೂರು ಭಾಗಗಳು. ಕಾಲಿಗೆ ಕಟ್ಟಿದ ಉಕ್ಕಿನ ಅಲಗುಗಳ ಮೇಲೆ ಜಾರುತ್ತ, ಕುದುರೆಯ ವೇಗದಲ್ಲಿ ಬಂದು ಒಬ್ಬರನ್ನೊಬ್ಬರು ಡಿಕ್ಕಿಹೊಡೆಯುವ ಆಟಗಾರರನ್ನು ನೋಡಿದರೆ, ನಮ್ಮ ಕಬಡ್ಡಿಯ ಗಟ್ಟಿತನವೂ ಹುಲ್ಲಿನ ಹಾಕಿಯ ಕೈಚಳಕವೂ ಕೂಡಿಕೊಂಡಂತೆ ತೋರುತ್ತದೆ.

ಈ ಆಟದಲ್ಲಿ ಮೇಲಿನ ಪಂಕ್ತಿಯಲ್ಲಿ ಕುಳಿತವರು ಶೀತದೇಶಗಳವರು. ಅವರೊಡನೆ ನಮ್ಮಂತಹವರು ಸರಿಸಮಾನವಾಗಿ ಆಡುವುದು ಇಂದಿನ ಮಾತಲ್ಲ. ಅದನ್ನರಿತೇ ಅಂತರರಾಷ್ಟ್ರೀಯ ಸಂಸ್ಥೆಯವರು ಏಷ್ಯಾದಲ್ಲಿ ಆಗತಾನೆ ಕಣ್ಣುಬಿಡುತ್ತಿದ್ದ ತಂಡಗಳಿಗಾಗಿ ಚಾಲೆಂಜ್ ಕಪ್ ಎಂಬ ಪಂದ್ಯಾವಳಿಯನ್ನು ಏರ್ಪಡಿಸಿ, 2008ರಲ್ಲಿ ಹಾಂಗ್‌ಕಾಂಗಿನಲ್ಲಿ ಅದನ್ನು ಪ್ರಾರಂಭಿಸಿದರು. ಮರುವರ್ಷ ಅಬುಧಾಬಿಯಲ್ಲಿ ನಡೆದ ಕೂಟಕ್ಕೆ ಭಾರತದ ಪುರುಷರು ಮೊದಲಬಾರಿಗೆ ಹೋದರು. ನಮ್ಮ ದೇಶ ಆ ಅಂತರರಾಷ್ಟ್ರೀಯ ಸಂಸ್ಥೆಯ ಸದಸ್ಯತ್ವವನ್ನು ಪಡೆದದ್ದು 1989ರಲ್ಲಿ. ಮೊದಲ ಪಂದ್ಯಾವಳಿಯ ಕಣಕ್ಕಿಳಿಯುವ ವೇಳೆಗೆ 20 ವರ್ಷ ಕಳೆದುಹೋಗಿತ್ತು. ಸ್ತ್ರೀಯರ ಸರದಿ ಇನ್ನೂ ತಡವಾಗಿ ಬಂದಿತು. ಅವರು 2016ರಲ್ಲಿ ತೈಪೆಗೆ ಹೋಗಿ ಆಡಿದ ಆಟಗಳಲ್ಲೆಲ್ಲ ಸೋತರು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪೈನ್ಸಿನವರನ್ನೂ ಮಲೇಷಿಯಾದವರನ್ನೂ ಸೋಲಿಸಿ ಗೆಲುವಿನ ರುಚಿಯನ್ನು ಕಂಡರು.

ಇಲ್ಲಿ ವಾಚಕರು ಸ್ವಲ್ಪ ನಿಂತು ಆಲೋಚಿಸಬೇಕು. 2017ರಲ್ಲಿ ನಮ್ಮವರ ಕೈಯಲ್ಲಿ ಸೋತ ಫಿಲಿಪೈನ್ಸಿನ ಸ್ತ್ರೀಯರು 2025ರಲ್ಲಿ ಅಲ್ ಐನಿನಲ್ಲಿ ಚಿನ್ನವನ್ನು ಗೆದ್ದರು. ಆ ದ್ವೀಪಗಳಲ್ಲಿ ಹಿಮ ಬೀಳುತ್ತದೆಯೇ? ಇಲ್ಲ. ಅಲ್ಲಿ ಹಿಮಾಲಯವುಂಟೇ? ಅದೂ ಇಲ್ಲ. ನಮ್ಮ ಕರಾವಳಿಗಿಂತ ಹೆಚ್ಚಿನ ಸೆಕೆಯ ನಾಡದು. ಥಾಯ್ಲೆಂಡು, ಮಲೇಷಿಯಾ, ಸಿಂಗಪುರ, ಕುವೈತು, ಇವೆಲ್ಲವೂ ಈ ಆಟದಲ್ಲಿ ತಂಡಗಳನ್ನು ಕಟ್ಟಿಕೊಂಡಿರುವ ದೇಶಗಳೇ. 2017ರಲ್ಲಿ ಕೌಲಾಲಂಪುರದಲ್ಲಿ ಆಗ್ನೇಯ ಏಷ್ಯಾದ ಕ್ರೀಡಾಕೂಟ ನಡೆದಾಗ ಮಂಜುಗಡ್ಡೆಯ ಹಾಕಿಯನ್ನು ಮೊಟ್ಟಮೊದಲಿಗೆ ಅದರೊಳಕ್ಕೆ ಸೇರಿಸಿಕೊಂಡರು. ಜೂನ್ ತಿಂಗಳಲ್ಲಿ 40 ಡಿಗ್ರಿಗೂ ಮೀರಿ ಬಿಸಿಲು ಕಾಯುವ ಅಲ್ ಐನಿನಲ್ಲಿ ಒಂದು ವಾರ ಕಾಲ ಮಂಜುಗಡ್ಡೆ ಕರಗದೆ ನಿಂತಿತೆಂದ ಮೇಲೆ, ಹವೆಯ ನೆಪವನ್ನು ನಾವು ಬಿಟ್ಟುಬಿಡುವುದೇ ಮರ್ಯಾದೆ.

ಕೃತಕ ಮಂಜಿನ ಕಣವೆಂಬುದು ಮಾಯಾವಿದ್ಯೆಯೂ ಅಲ್ಲ. ಕಾಂಕ್ರೀಟಿನ ನೆಲದೊಳಗೆ ಒತ್ತೊತ್ತಾಗಿ ಕೊಳವೆಗಳನ್ನು ಹಾಸಿ, ಅವುಗಳಲ್ಲಿ ಉಪ್ಪುನೀರನ್ನೋ ಹೆಪ್ಪುಗಟ್ಟದಂತಹ ಬೇರೊಂದು ದ್ರವವನ್ನೋ ಸೊನ್ನೆಗಿಂತ ಕೆಳಗಿನ ಶೈತ್ಯದಲ್ಲಿ ಹರಿಯಿಸುತ್ತಾರೆ. ನೆಲದ ಮೇಲೆ ತೆಳುವಾಗಿ ನೀರನ್ನು ಎರಚಿ, ಅದು ಹೆಪ್ಪಾದ ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು, ಹೀಗೆ ದೋಸೆಯ ಮೇಲೆ ದೋಸೆ ಹೊಯ್ದಂತೆ ಒಂದು ಒಂದೂವರೆ ಅಂಗುಲ ದಪ್ಪಕ್ಕೆ ತರುತ್ತಾರೆ. ತೇವದ ಹವೆಯಿರುವ ಊರುಗಳಲ್ಲಿ ಒಳಗಣ ಗಾಳಿಯನ್ನು ಒಣಗಿಸುವ ಯಂತ್ರವೂ ಬೇಕು. ಕಷ್ಟವಿರುವುದು ಕಟ್ಟುವುದರಲ್ಲಿ ಅಲ್ಲ, ಹಗಲಿರುಳು ಆ ಯಂತ್ರಗಳನ್ನು ನಡೆಸುವುದರಲ್ಲಿ. ಕಟ್ಟಡದ ಪ್ರಾರಂಭೋತ್ಸವಕ್ಕೆ ಮಂತ್ರಿಗಳು ಬರುತ್ತಾರೆ. ವಿದ್ಯುತ್ತಿನ ಬಿಲ್ಲು ಬಂದ ದಿನ ಯಾರೂ ಬರುವುದಿಲ್ಲ.

ಈ ಮಾತಿಗೆ ನಿದರ್ಶನವು ದೆಹ್ರಾದೂನಿನಲ್ಲಿದೆ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟಕ್ಕಾಗಿ ಅಲ್ಲಿ ಸೂರಿನಡಿಯ ಪೂರ್ಣಪ್ರಮಾಣದ ಮಂಜಿನ ಕಣವನ್ನು ಕಟ್ಟಿದರು. ಭಾರತದಲ್ಲಿ ಅಂತಹುದು ಅದೇ ಮೊದಲು. 2012ರಲ್ಲಿ ನಾವು ಮೇಲೆ ಹೇಳಿದ ಏಷ್ಯಾ ಪಂದ್ಯಾವಳಿಯೇ ಅಲ್ಲಿಗೆ ಬಂದು ನಡೆಯಿತು. ಆಮೇಲೆ? ಆಮೇಲೆ ಅದಕ್ಕೆ ಬೀಗ ಬಿದ್ದಿತು. ಹನ್ನೆರಡು ವರ್ಷಗಳಿಗೂ ಮಿಕ್ಕಿ ಆ ಕಟ್ಟಡ ಉಪಯೋಗವಿಲ್ಲದೆ ನಿಂತಿತ್ತು. ಅಷ್ಟು ಕಾಲದಲ್ಲಿ ಲಡಾಖಿನಲ್ಲಿ ಹುಟ್ಟಿದ ಒಂದು ಮಗು ಬೆಳೆದು ಶಾಲೆಯ ತಂಡಕ್ಕೆ ಸೇರುವಷ್ಟು ದೊಡ್ಡದಾಗುತ್ತದೆ. ದೇಶದ ಆಟಗಾರರು ಗುರುಗ್ರಾಮದ ಒಂದು ಅಂಗಡಿ ಸಂಕೀರ್ಣದೊಳಗೆ, ಮಕ್ಕಳ ಹುಟ್ಟುಹಬ್ಬಕ್ಕೆಂದು ಜನ ಬಂದು ಜಾರಾಡುವ ಕಿರಿದಾದ ಕಣದಲ್ಲಿ ಅಭ್ಯಾಸಮಾಡಬೇಕಾಗಿ ಬಂದಿತು. ದೆಹ್ರಾದೂನಿನ ಕಣವನ್ನು ದುರಸ್ತಿಮಾಡಿ ಪುನಃ ತೆರೆದದ್ದು 2025ರಲ್ಲಿ. ಆ ಆಗಸ್ಟಿನಲ್ಲಿ ಅಲ್ಲಿ ಏಷ್ಯಾದ ಶೀಘ್ರ ಜಾರುಪಂದ್ಯಗಳು ನಡೆದವು. ತೆರೆದವರನ್ನು ಅಭಿನಂದಿಸುತ್ತೇವೆ. ಆದರೆ ಮುಚ್ಚಿದವರು ಯಾರು, ಏತಕ್ಕೆ, ಯಾರ ಅಪ್ಪಣೆಯಿಂದ ಎಂಬುದನ್ನು ಯಾರಾದರೂ ಕೇಳಿದರೇ? ನಮ್ಮ ದೇಶದಲ್ಲಿ ಹಾಳುಬಿಟ್ಟದ್ದಕ್ಕೆ ಎಂದೂ ಹೊಣೆಗಾರರಿರುವುದಿಲ್ಲ.

ಹಾಗಾದರೆ ಈ ಪದಕವನ್ನು ತಂದವರು ಎಲ್ಲಿ ಕಲಿತರು? ತಂಡದ ಬಹುಪಾಲು ಹೆಣ್ಣುಮಕ್ಕಳು ಲಡಾಖಿನವರು; ಕೆಲವರು ಹಿಮಾಚಲದ ಸ್ಪಿತಿ ಕಣಿವೆಯವರು. ಲೇಹ್ ಪಟ್ಟಣವಿರುವುದು ಸಮುದ್ರಮಟ್ಟಕ್ಕೆ ಸುಮಾರು 3,500 ಮೀಟರು ಎತ್ತರದಲ್ಲಿ. ಅಲ್ಲಿ ಕೆರೆಕುಂಟೆಗಳು ಹೆಪ್ಪುಗಟ್ಟಿ ಆಟಕ್ಕೆ ಒದಗುವುದು ವರ್ಷದಲ್ಲಿ ಎರಡು ತಿಂಗಳು, ಹೆಚ್ಚೆಂದರೆ ಅದರ ಮೇಲೆ ಕೆಲವು ದಿನ. ಹಳ್ಳಿಗಳಲ್ಲಿ ಯುವಕರು ನಟ್ಟಿರುಳಿನಲ್ಲಿ, ಚಳಿ ಮೂಳೆಗೆ ಇಳಿಯುವ ಹೊತ್ತಿನಲ್ಲಿ, ಬಯಲಿನ ಮೇಲೆ ನೀರನ್ನು ಹೊಯ್ದು ಬೆಳಗಾಗುವುದರೊಳಗೆ ಕಣವನ್ನು ಸಿದ್ಧಪಡಿಸುತ್ತಾರೆ. ಆಟವನ್ನು ಅಲ್ಲಿ ಬೇರೂರಿಸಿದವರು ಗಡಿಗಾವಲಿನ ಸೈನಿಕರು. ಹಳೆಯ ಬೂಟುಗಳ ಅಡಿಗೆ ಕಬ್ಬಿಣದ ಪಟ್ಟಿಯನ್ನು ಬಡಿದು ಜಾರುತ್ತಿದ್ದ ಕಾಲವನ್ನು ಅಲ್ಲಿನ ಹಿರಿಯರು ಇಂದಿಗೂ ಹೇಳಿಕೊಳ್ಳುತ್ತಾರೆ. ಹೆಣ್ಣುಮಕ್ಕಳ ಪಾಡು ಇನ್ನೂ ಕಠಿನವಾಗಿತ್ತು. ಎರಡೇ ತಿಂಗಳ ಮಂಜಿನಲ್ಲಿ ಗಂಡುಮಕ್ಕಳು ಆಡಿ ಬಿಟ್ಟ ಹೊತ್ತು ಇವರ ಪಾಲು. ಅಣ್ಣತಮ್ಮಂದಿರ ಹಳೆಯ ಪಾದರಕ್ಷೆ, ಎರವಿನ ಕೋಲು. ಕೊನೆಗೆ ಅವರು ತಮ್ಮದೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡು, ತಾವು ಕಲಿತುದನ್ನು ಹಳ್ಳಿಹಳ್ಳಿಯ ಬಾಲಿಕೆಯರಿಗೆ ಕಲಿಸಲು ಹೊರಟರು. 2015ರಲ್ಲಿ ಕುವೈತಿಗೆ ಹೋಗಬೇಕಾಗಿದ್ದ ಪುರುಷರ ತಂಡವೂ ಪ್ರಯಾಣದ ವೆಚ್ಚಕ್ಕಾಗಿ ಸಾರ್ವಜನಿಕರ ಮುಂದೆ ಕೈಯೊಡ್ಡಬೇಕಾಯಿತು. ದೇಶದ ಹೆಸರನ್ನು ಎದೆಯ ಮೇಲೆ ಧರಿಸತಕ್ಕವರು ದೇಶದ ಬೀದಿಯಲ್ಲಿ ಜೋಳಿಗೆ ಹಿಡಿದು ನಿಲ್ಲುವುದು ಯಾವ ಸ್ವರಾಜ್ಯದ ಲಕ್ಷಣವೋ ನಾವು ಅರಿಯೆವು.

2011ರ ಖಾನೇಸುಮಾರಿಯ ಪ್ರಕಾರ ಲಡಾಖಿನ ಜನಸಂಖ್ಯೆ 2 ಲಕ್ಷ 74 ಸಾವಿರ. ನಮ್ಮ ತುಮಕೂರು ಜಿಲ್ಲೆಯದು ಅದೇ ವರ್ಷ 26 ಲಕ್ಷ 78 ಸಾವಿರ. ಎಂದರೆ ನಮ್ಮ ಜಿಲ್ಲೆಯ ಹತ್ತರಲ್ಲೊಂದು ಪಾಲಿನಷ್ಟು ಜನರು ಒಂದು ಆಟದಲ್ಲಿ ಇಡೀ ರಾಷ್ಟ್ರದ ತಂಡವನ್ನು ತಮ್ಮ ಹೆಗಲ ಮೇಲೆ ಹೊತ್ತಿದ್ದಾರೆ. ಹತ್ತು ಪಾಲಿರುವ ನಾವು ಯಾವ ಆಟವನ್ನು ಹೊತ್ತಿದ್ದೇವೆ? ಜನವಿದ್ದಲ್ಲಿ ಪ್ರತಿಭೆ ತಾನಾಗಿ ಹುಟ್ಟುವುದೆಂಬ ನಮ್ಮ ಅಧಿಕಾರಿಗಳ ನಂಬಿಕೆಗೆ ಈ ಲೆಕ್ಕವೇ ತಕ್ಕ ಉತ್ತರ. ಕೊಡಗನ್ನು ನೋಡಿರಿ. ಅಷ್ಟು ಕಿರಿದಾದ ಸೀಮೆಯಿಂದ ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯನವರಂತಹ ಹಾಕಿಪಟುಗಳು ಹೇಗೆ ಬಂದರು? ಅಲ್ಲಿ ಊರೂರಿಗೆ ಆಟದ ಬಯಲುಂಟು, ಮನೆಮನೆಗೆ ಕೋಲುಂಟು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳನ್ನು ಕೂಡಿಸಿ ಪ್ರಾರಂಭಿಸಿದ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಬಂದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಉತ್ಸವವದು. ಆಟವು ಜನಜೀವನದ ಅಂಗವಾದಲ್ಲಿ ಅದು ಬೆಳೆಯುತ್ತದೆ. ಲಡಾಖಿನಲ್ಲಿ ಆದದ್ದೂ ಇದೇ.

ಆ ಕೊಡಗಿನಿಂದಲೇ ಹಿಮಕ್ಕೂ ಒಂದು ದಾರಿ ಬಿದ್ದಿದೆಯೆಂಬುದು ಸಂತೋಷದ ಸಂಗತಿ. ಅಲ್ಲಿಯ ಭವಾನಿ ತೆಕ್ಕಡ ನಂಜುಂಡ ಎಂಬ ಯುವತಿ ಹಿಮದ ಮೇಲಣ ದೂರದ ಜಾರುಓಟದಲ್ಲಿ ದೇಶದ ಅಗ್ರಗಣ್ಯರ ಸಾಲಿಗೆ ಸೇರಿ, 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ 3 ಚಿನ್ನಗಳನ್ನು ಗೆದ್ದರು. ಆ ಕೂಟದ ಪಟ್ಟಿಯನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಗಮನಿಸಿದರೋ ತಿಳಿಯದು. 10 ಚಿನ್ನಗಳೊಡನೆ ಭೂಸೇನೆಯವರು ಮೊದಲನೆಯವರಾದರು. ಎರಡನೆಯ ಸ್ಥಾನ ಯಾರಿಗೆ? ಕಾಶ್ಮೀರಕ್ಕಲ್ಲ, ಹಿಮಾಚಲಕ್ಕಲ್ಲ, 9 ಚಿನ್ನಗಳೊಡನೆ ಕರ್ನಾಟಕಕ್ಕೆ! ಭವಾನಿಯವರವನ್ನು ಕಳೆದರೆ ಉಳಿದವು ಮಂಜಿನ ಕಣದಲ್ಲಿ ಜಾರುವ ಪಂದ್ಯಗಳಿಂದ ಬಂದವು. ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ಗಾಲಿಯ ಪಾದರಕ್ಷೆಗಳನ್ನು ಕಟ್ಟಿಕೊಂಡು ಸಿಮೆಂಟಿನ ನೆಲದ ಮೇಲೆ ಸುತ್ತುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಗಾಲಿಯ ಮೇಲೆ ಸಮತೋಲ ಕಲಿತವರಿಗೆ ಅಲಗಿನ ಮೇಲೆ ನಿಲ್ಲುವುದು ಕೆಲವು ವಾರಗಳ ಅಭ್ಯಾಸ. ಹಿಮವನ್ನೇ ಕಾಣದ ನಾಡಿಗೆ ಮಂಜಿನ ಮೇಲೆ ಚಿನ್ನ ದೊರೆತ ಗುಟ್ಟು ಇದು. ಕೊತ್ತಗೆರೆಯ ನಮ್ಮ ಮಿತ್ರರ ಪ್ರಶ್ನೆಗೂ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು.

ಇನ್ನರ್ಧವು ಹೆಚ್ಚು ಗಂಭೀರವಾದುದು. ಪ್ರಕೃತಿಯು ಲಡಾಖಿಗೆ ಕೊಟ್ಟಿರುವ ಎರಡು ತಿಂಗಳ ಮಂಜನ್ನೇ ನಂಬಿ ಕುಳಿತುಕೊಳ್ಳುವ ಕಾಲ ಮುಗಿಯುತ್ತಿದೆ. 2025ರ ಖೇಲೋ ಇಂಡಿಯಾ ಕೂಟದ ಗುಲ್ಮಾರ್ಗಿನ ಭಾಗವು ಫೆಬ್ರವರಿಯಲ್ಲಿ ನಡೆಯಬೇಕಾಗಿದ್ದುದು ಹಿಮವಿಲ್ಲದ ಕಾರಣದಿಂದ ಮಾರ್ಚಿಗೆ ಮುಂದೂಡಲ್ಪಟ್ಟಿತು. 1920ರಿಂದ ಬಯಲಿನಲ್ಲೇ ನೀರನ್ನು ಹೆಪ್ಪುಗಟ್ಟಿಸುತ್ತ ಬಂದಿರುವ ಸಿಮ್ಲಾದ ಪ್ರಸಿದ್ಧ ಕಣವು ಚಳಿ ಸಾಲದ ವರ್ಷಗಳಲ್ಲಿ ದಿನಗಟ್ಟಲೆ ಮುಚ್ಚಿರುತ್ತದೆ. ಹವೆಯು ಬಿಸಿಯಾಗುತ್ತ ಹೋಗುತ್ತಿರುವ ಈ ದಿನಗಳಲ್ಲಿ ಕೆರೆಯ ಮಂಜು ತಡವಾಗಿ ಕಟ್ಟಿ ಬೇಗ ಬಿರಿದರೆ, ಎರಡು ತಿಂಗಳು ಒಂದೂವರೆಯಾದೀತು, ಒಂದೂವರೆ ಒಂದಾದೀತು. ಆಗ ಆ ಹೆಣ್ಣುಮಕ್ಕಳು ಆಡುವುದೆಲ್ಲಿ? ಮಳೆ ತಪ್ಪಿದರೆ ಬೇಸಾಯಗಾರನ ಪಾಡೇನೆಂಬುದನ್ನು ಕುಣಿಗಲ್ ತಾಲ್ಲೂಕಿನವರಿಗೆ ವಿವರಿಸಬೇಕಾದುದಿಲ್ಲ. ಕೆರೆಯನ್ನು ನಂಬಿದ ನಮಗೂ ಕೆರೆಯ ಹೆಪ್ಪನ್ನು ನಂಬಿದ ಅವರಿಗೂ ಇರುವ ಭಯ ಒಂದೇ. ನಮಗೆ ಹೇಮಾವತಿಯ ನೀರು ಹೇಗೋ ಅವರಿಗೆ ಯಂತ್ರದ ಮಂಜು ಹಾಗೆ, ಆಡಂಬರವಲ್ಲ, ಆಧಾರ.

ಮಂಜುಗಡ್ಡೆಯೇ ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿದ್ದ ಕಾಲವೊಂದಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟ ಹಡಗೊಂದು 180 ಟನ್ ಮಂಜುಗಡ್ಡೆಯನ್ನು ತುಂಬಿಕೊಂಡು, ದಾರಿಯಲ್ಲಿ ಕರಗಿದ್ದು ಕರಗಿ, ಸುಮಾರು 100 ಟನ್ನನ್ನು ಕಲ್ಕತ್ತೆಯಲ್ಲಿ ಇಳಿಸಿತು. ಮದರಾಸಿನ ಸಮುದ್ರದಂಡೆಯ ಮೇಲೆ ಆ ಸರಕಿಗಾಗಿಯೇ ಕಟ್ಟಿದ ಐಸ್‌ಹೌಸ್ ಕಟ್ಟಡದಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದರು. ದೊರೆಗಳ ಪಾನಕವನ್ನು ತಂಪುಮಾಡಲು ಭೂಮಂಡಲವನ್ನು ಸುತ್ತಿ ಬರುತ್ತಿದ್ದ ವಸ್ತುವನ್ನು ಇಂದು ನಮ್ಮ ಹೋಬಳಿಯ ಅಂಗಡಿಯವನು ಹತ್ತು ರೂಪಾಯಿಗೆ ಒಡೆದುಕೊಡುತ್ತಾನೆ. ವಿಲಾಸವೆನಿಸಿದ್ದು ಬಳಕೆಯ ಪದಾರ್ಥವಾಗಲು ಬೇಕಾದುದು ಯಂತ್ರ, ವಿದ್ಯುತ್ತು ಮತ್ತು ಸ್ವಲ್ಪ ಮನಸ್ಸು. ಮೊದಲೆರಡು ನಮ್ಮಲ್ಲಿವೆ.

ಹಣವಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಹರಾಜಿನಲ್ಲಿ ಆಟಗಾರರನ್ನು ಕೊಂಡು ಕಟ್ಟಿದ ತಂಡವೊಂದು ಗೆದ್ದುದಕ್ಕೆ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರವೇ ಸನ್ಮಾನವನ್ನು ಏರ್ಪಡಿಸಿತು. ಅದಕ್ಕೆ ಒಂದು ದಿನದ ಸಿದ್ಧತೆಯೂ ಬೇಕಾಗಲಿಲ್ಲ, ಬೇಕಾಗಿದ್ದ ಸಿದ್ಧತೆ ಇಲ್ಲದೆಹೋದದ್ದರ ಫಲವನ್ನು 11 ಮನೆಗಳು ಅನುಭವಿಸಿದವು. ಕ್ರಿಕೆಟನ್ನು ನಾವು ದ್ವೇಷಿಸುವವರಲ್ಲ. ನಮ್ಮ ಕಚೇರಿಯಲ್ಲಿಯೂ ಪಂದ್ಯದ ದಿನ ಅಚ್ಚಿನ ಮೊಳೆ ಜೋಡಿಸುವವರ ಕೈ ನಿಧಾನವಾಗುವುದುಂಟು. ಆದರೆ ಕ್ರೀಡಾಭಿಮಾನವೆಂಬುದು ಒಂದೇ ಬಾಗಿಲಿನ ಮುಂದೆ ಎಲ್ಲರೂ ಮುಗಿಬೀಳುವುದೆಂದಾದರೆ ಅದರ ಕೊನೆ ಏನೆಂಬುದನ್ನು ಆ ಸಂಜೆ ಬೆಂಗಳೂರು ಕಂಡಿತು. ಲಡಾಖಿನ ಹೆಣ್ಣುಮಕ್ಕಳಿಗೆ ಬೇಕಾದುದು ಮೆರವಣಿಗೆಯಲ್ಲ.

ಕೇಂದ್ರ ಸರ್ಕಾರದವರಿಗೆ ನಾವು ಹೇಳತಕ್ಕದ್ದಿಷ್ಟು. ದೆಹ್ರಾದೂನಿನ ಕಣಕ್ಕೆ ಪುನಃ ಬೀಗ ಬೀಳದಂತೆ, ಅದರ ವಿದ್ಯುತ್ತಿನ ಮತ್ತು ನಿರ್ವಹಣೆಯ ವೆಚ್ಚವನ್ನು ವರ್ಷವರ್ಷದ ಆಯವ್ಯಯದಲ್ಲಿ ಹೆಸರು ಹಿಡಿದು ಬರೆದಿಡಬೇಕು. ಯಾವುದೋ ಕ್ರೀಡಾಕೂಟದ ಬಾಬ್ತಿನಲ್ಲಿ ಸೇರಿಸಿದರೆ ಕೂಟ ಮುಗಿದೊಡನೆ ಅದೂ ಮುಗಿಯುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಲಡಾಖ್, ಸ್ಪಿತಿಗಳ ಆಟಗಾರರು ಅಲ್ಲಿಗೆ ಬಂದು ತಂಗಿ ಅಭ್ಯಾಸಮಾಡುವ ವೆಚ್ಚವನ್ನು ವಹಿಸಬೇಕು. ಲಡಾಖಿನ ಮಕ್ಕಳಿಗೆ ಮಂಜಿನ ಕಾಲವನ್ನು ಎರಡು ತಿಂಗಳಿಂದ ಆರು ತಿಂಗಳಿಗೆ ಹೆಚ್ಚಿಸಿಕೊಡುವ ಯಂತ್ರಸ್ಥಾಪನೆಯು ಲೇಹಿನಲ್ಲಿಯೂ ಕಾರ್ಗಿಲಿನಲ್ಲಿಯೂ ಆಗಬೇಕು. ಅಷ್ಟು ಚಳಿಯಿರುವಲ್ಲಿ ಅದಕ್ಕೆ ತಗಲುವ ವಿದ್ಯುತ್ತು ಬಯಲುಸೀಮೆಯ ಕಣಕ್ಕೆ ತಗಲುವುದಕ್ಕಿಂತ ಬಹಳ ಕಡಿಮೆಯೆಂಬುದನ್ನು ಅರಿಯಲು ಇಂಜಿನಿಯರಾಗಬೇಕಾದುದಿಲ್ಲ.

ನಮ್ಮ ರಾಜ್ಯ ಸರ್ಕಾರದವರ ವಿಷಯದಲ್ಲಿ ಮಾತ್ರ ಕೆಲವರು ಕೊಡುವ ಸಲಹೆಗೆ ನಮ್ಮ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಕೋಟ್ಯಂತರ ಹಣವನ್ನು ಸುರಿದು ಕೂಡಲೇ ಭಾರಿ ಮಂಜಿನ ಅರಮನೆಯನ್ನು ಕಟ್ಟಬೇಕೆಂದು ಅವರು ಹೇಳುತ್ತಾರೆ. ದೆಹ್ರಾದೂನಿನ ಕಥೆಯನ್ನು ಓದಿದ ಮೇಲೂ ಈ ಮಾತನ್ನಾಡುವವರ ಧೈರ್ಯಕ್ಕೆ ಮೆಚ್ಚಬೇಕು. 9 ಚಿನ್ನವನ್ನು ತಂದ ಮಕ್ಕಳಿಗೆ ಇಂದಿಗೆ ಬೇಕಾಗಿರುವುದು ರೈಲು ವಿಮಾನಗಳ ಖರ್ಚು, ಒಳ್ಳೆಯ ಪಾದರಕ್ಷೆ, ಚಳಿಗಾಲದಲ್ಲಿ ಎರಡು ತಿಂಗಳು ಶಾಲೆ ಬಿಟ್ಟರೆ ಹಾಜರಿಯ ರಿಯಾಯಿತಿ. ಇದಕ್ಕೆ ಬೇಕಾಗುವ ಮೊಬಲಗು ಒಂದು ಶಂಕುಸ್ಥಾಪನೆಯ ಶಾಮಿಯಾನಕ್ಕೆ ಆಗುವ ವೆಚ್ಚಕ್ಕಿಂತ ಹೆಚ್ಚಾಗಲಾರದು. ಆ ಮಕ್ಕಳ ಸಂಖ್ಯೆ ನೂರಾಗಿ, ಸಾವಿರವಾಗಿ, ಕಣವು ಹಗಲೆಲ್ಲ ತುಂಬಿರುವುದೆಂಬ ಭರವಸೆ ಹುಟ್ಟಿದ ದಿನ ಕಟ್ಟಡದ ಮಾತನ್ನು ಎತ್ತಬಹುದು.

ಕೊನೆಗೆ ನಮ್ಮ ತಾಲ್ಲೂಕಿನ ಮಾತು. ಕುಣಿಗಲೆಂದರೆ ಕುದುರೆಗಳ ಊರೆಂದು ಟೀಪುಸುಲ್ತಾನನ ಕಾಲದಿಂದಲೂ ಹೆಸರು. ಇಲ್ಲಿಯ ಫಾರಮ್ಮಿನಲ್ಲಿ ಎಳೆಯ ಕುದುರೆಗಳಿಗೆ ಓಡಾಡಲು ಹುಲ್ಲುಗಾವಲುಗಳಿದ್ದ ಕಾಲದಲ್ಲಿಯೂ, ನಮ್ಮ ಎಷ್ಟೋ ಶಾಲೆಗಳ ಮಕ್ಕಳಿಗೆ ಓಡಲು ಎರಡು ಗುಂಟೆ ಸಮನೆಲವಿರಲಿಲ್ಲ. ನಾವು ಕೇಳುವುದು ಮಂಜಿನ ಕಣವನ್ನಲ್ಲ. ತಾಲ್ಲೂಕು ಕೇಂದ್ರದಲ್ಲೊಂದು, ಕೊತ್ತಗೆರೆಯಂತಹ ಹೋಬಳಿ ಕೇಂದ್ರದ ಪ್ರೌಢಶಾಲೆಯ ಬಳಿ ಒಂದು, 40 ಮೀಟರು ಉದ್ದ 20 ಮೀಟರು ಅಗಲದ ನುಣುಪಾದ ಸಿಮೆಂಟಿನ ಕಟ್ಟೆ. ಸುತ್ತಲೂ ಮೊಣಕಾಲೆತ್ತರದ ಹಲಗೆ. ಗಾಲಿಯ ಹಾಕಿಗೆ ಅದು ಸಾಕು. ಸುಗ್ಗಿಯ ದಿನಗಳಲ್ಲಿ ಅದರ ಮೇಲೆ ರಾಗಿ ಒಣಗಹಾಕುವವರು ಬಾರದಂತೆ ನೋಡಿಕೊಳ್ಳುವುದು ಮಾತ್ರ ಕಷ್ಟವಾದೀತು. ಅದಕ್ಕೆ ಪಕ್ಕದಲ್ಲೇ ಬೇರೊಂದು ಕಣವನ್ನು ಹಾಕಿಸಿಕೊಟ್ಟರೆ ರೈತರೂ ಹರಸುವರು. ಹೆಣ್ಣುಮಕ್ಕಳಿಗೆ ಸಂಜೆಯ ಒಂದು ಗಂಟೆಯನ್ನು ಕಡ್ಡಾಯವಾಗಿ ಬಿಟ್ಟುಕೊಡಬೇಕೆಂದು ಆರಂಭದ ದಿನವೇ ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ಆಮೇಲೆ ಹೇಳಿದರೆ ಆ ಗಂಟೆ ಸಿಗುವುದಿಲ್ಲ.

ಈ ಮನವಿಯನ್ನು ಯಾರಿಗೆ ಸಲ್ಲಿಸಬೇಕೆಂಬುದೇ ತೊಡಕಿನ ವಿಷಯ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅವು ಅಧಿಕಾರಿಗಳ ಕೈಯಲ್ಲೇ ಉಳಿದವು. ಕೇಳುವ ಸದಸ್ಯರಿಲ್ಲದ ಸಭೆಯಲ್ಲಿ ಕಡತಕ್ಕೆ ಕಾಲು ಬರುವುದಿಲ್ಲ. ಆದುದರಿಂದ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳವರೂ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆಯವರೂ ಇದನ್ನೇ ಮನವಿಯೆಂದು ಭಾವಿಸಿ, ಸ್ಥಳಗಳನ್ನು ನೋಡಿ ಅಂದಾಜು ಪಟ್ಟಿಯನ್ನು ತಯಾರಿಸುವಂತೆ ತಮ್ಮ ಇಂಜಿನಿಯರುಗಳಿಗೆ ಅಪ್ಪಣೆಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಸ್ಥಳವು ಕೆರೆಯಂಗಳವಾಗಕೂಡದು.